ಮೂರನೇ ನಂಬರಿನ ಶಿಳ್ಳೆ

ಬೆಳಿಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಚಹಾ. ಎಂಟಕ್ಕೆ ಐದು ನಿಮಿಷ ಇರುವಾಗ ಗಿರಣಿಯ ಬಾಗಿಲಲ್ಲಿ ನಿಂತು, ತಡವಾಗಿ ಬಂದವರ ಮುಖ ನೋಡುವುದು. ಬಹಳ ವರ್ಷಗಳಿಂದ ನನ್ನ ದೇವರ ಪೂಜೆ ಇಷ್ಟೇ. ಹತ್ತಿಮತ್ತೂರಿನ ರಸ್ತೆಯಲ್ಲಿರುವ ಹತ್ತಿ ಜಿನ್ನಿನಲ್ಲಿ ನಾನು ಮೇಲ್ವಿಚಾರಕ. ಹತ್ತಿಯಿಂದ ಬೀಜ ಬಿಡಿಸುವ ಹನ್ನೆರಡು ಯಂತ್ರಗಳು ಅಲ್ಲಿ ಸಾಲಾಗಿ ಕೂತು ಒಟ್ಟಿಗೆ ಕೂಗುತ್ತವೆ. ಪಕ್ಕದವರಿಗೆ ಏನಾದರೂ ಹೇಳಬೇಕೆಂದರೆ ಅವರ ಕಿವಿಯ ಹತ್ತಿರ ಹೋಗಿ ಅರಚಬೇಕು.

ಈ ಸದ್ದಿನಿಂದ ಎಲ್ಲರ ಕಿವಿ ಉಳಿಸಲು ನಾನೇ ಒಂದು ಶಿಸ್ತು ತಂದಿದ್ದೆ. ಹತ್ತಿಯ ಗಿರಣಿಯಲ್ಲಿ ಅರಳೆಗೇನು ಬರ? ಎಂಟರ ಗಂಟೆ ಹೊಡೆದೊಡನೆ ಸಾಲಾಗಿ ನಿಂತು, ರಾಶಿಯಿಂದ ಒಂದು ಚಿಟಿಕೆ ಅರಳೆ ಕಿತ್ತು ಎರಡೂ ಕಿವಿಗೆ ತುರುಕಿಕೊಳ್ಳಬೇಕು. ನಾನು ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಕಿವಿ ಪರೀಕ್ಷಿಸುತ್ತ ಹೋಗುತ್ತಿದ್ದೆ. ಕಸ ಸೇರಿದ ಅರಳೆ ಇಟ್ಟುಕೊಂಡವರನ್ನು ಬೇರೆ ತರಲು ವಾಪಸು ಕಳಿಸುತ್ತಿದ್ದೆ. ಒಣ ಅರಳೆ ಸದ್ದು ತಡೆಯುವುದು, ಜರಡಿ ನೀರು ತಡೆದ ಹಾಗೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿಸಿದವರು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು.

ಆಮೇಲೆ ಮಾಲೀಕರು ಕಿವಿಗೆ ಹಾಕುವ ಸಾಧನ ತರಿಸಿದರು. ತಲೆಯ ಮೇಲೊಂದು ಪಟ್ಟಿ, ಅದರ ಎರಡು ತುದಿಗೆ ಮೆತ್ತನೆಯ ಅಂಚಿನ ಎರಡು ಬಟ್ಟಲು. ಜನ ಅದನ್ನು ಬಟ್ಟಲೆಂದೇ ಕರೆದರು. ಎಲ್ಲರೂ ಬಟ್ಟಲು ಹಾಕಲೇಬೇಕೆಂದು ನಾನು ಗೋಡೆಗೆ ಬರೆಸಿದೆ, ನನ್ನೊಬ್ಬನನ್ನು ಬಿಟ್ಟು. ಕಾರಣವಿತ್ತು. ಯಂತ್ರದ ಬೇರಿಂಗ್ ಗ್ರೀಸ್ ಇಲ್ಲದೆ ಒಣಗಿ ಕಾದರೆ ಪಕ್ಕದ ಅರಳೆಗೆ ಬೆಂಕಿ ಹತ್ತುತ್ತದೆ. ಕಾಯುವ ಮೊದಲು ಅದು ಸಣ್ಣಗೆ ಶಿಳ್ಳೆ ಹಾಕುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ, ಹಿಡಿಯನ್ನು ಕಿವಿಗೆ ಆನಿಸಿ ಆ ಶಿಳ್ಳೆ ಹಿಡಿಯುವವನು ನಾನು. ಗಿರಣಿಯ ನಾಡಿ ನನ್ನ ಕಿವಿಯಲ್ಲಿದೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಮಾಲೀಕರ ಫೋನು ಗದ್ದಲದಲ್ಲಿ ಕೇಳುವುದಿಲ್ಲವೆಂದು ಸವಣೂರಿನ ಬಜಾರಿನಿಂದ ಕೊರಳಿಗೆ ಹಾಕುವ ಬ್ಲೂಟೂತ್ ತಂದೆ. ಎರಡು ಗುಂಡಿಗಳು ಕಿವಿಯೊಳಗೆ ಕೂತವು. ಕಿವಿ ಮುಚ್ಚಿತಲ್ಲ, ಇದೂ ರಕ್ಷಣೆಯೇ ಎಂದು ತೀರ್ಮಾನಿಸಿ, ಫೋನ್ ಬಾರದ ಹೊತ್ತಿನಲ್ಲಿ ವಚನಗಾಯನ ಹಚ್ಚಿದೆ. ಯಂತ್ರದ ಸದ್ದನ್ನು ಮೀರಿ ಕೇಳಬೇಕಲ್ಲ, ಪೂರ್ತಿ ಏರಿಸಿದೆ. ಇಷ್ಟು ಜೋರು ಕಿವಿಗೆ ಒಳ್ಳೆಯದಲ್ಲ ಎಂದು ಫೋನು ದಿನವೂ ಎಚ್ಚರಿಸುತ್ತಿತ್ತು. ಜೀವಮಾನದಲ್ಲಿ ನಿಯಮ ಮುರಿಯದ ನಾನು ಎಂಟು ಹತ್ತಕ್ಕೆ ಸರಿಯಾಗಿ ‘ಸರಿ’ ಒತ್ತಿ, ಮತ್ತೆ ಏರಿಸುತ್ತಿದ್ದೆ.

ಹೀಗೆ ಎರಡು ಹಂಗಾಮು ಕಳೆಯಿತು. ಒಂದು ದಿನ ಕಿವಿಯ ಗುಂಡಿ ತೆಗೆದು ಮೂರನೇ ನಂಬರಿನ ಯಂತ್ರಕ್ಕೆ ಸ್ಕ್ರೂಡ್ರೈವರ್ ಆನಿಸಿದಾಗ ಸಣ್ಣ ಶಿಳ್ಳೆ ಕೇಳಿತು. ನಿಲ್ಲಿಸಿ ಬಿಚ್ಚಿಸಿದೆ. ಏನೂ ಸಿಗಲಿಲ್ಲ. ಮರುದಿನ ಮತ್ತೆ ಶಿಳ್ಳೆ. ಹೊಸ ಬೇರಿಂಗ್ ಹಾಕಿಸಿದೆ. ಮೂರನೇ ದಿನವೂ ಬಿಚ್ಚಲು ಹೇಳಿದಾಗ ಫಿಟ್ಟರ್ ಪಾನಾ ಕೆಳಗಿಟ್ಟು, ನನ್ನ ಕಿವಿಯ ಹತ್ತಿರ ಬಂದು ಅರಚಿದ.

“ಸಾಹೇಬ್ರ, ಇದನ್ನ ಇನ್ನೊಮ್ಮಿ ಬಿಚ್ಚಿದ್ರ ಮಿಷಿನ್ನ ಅಳ್ತೈತ್ರಿ.”

“ನನ್ನ ಕಿವಿ ಸುಳ್ಳ ಹೇಳ್ತೈತೇನು? ಬಿಚ್ಚು.”

ಅಷ್ಟರಲ್ಲಿ ಕರೆಂಟು ಹೋಗಿ ಹನ್ನೆರಡೂ ಯಂತ್ರಗಳು ನಿಂತವು. ಮೂರನೇ ನಂಬರಿಗೆ ಹತ್ತಿ ಉಣ್ಣಿಸುವ ಹೆಂಗಸು ಬಟ್ಟಲು ಕೊರಳಿಗಿಳಿಸಿ ನನ್ನನ್ನೇ ನೋಡಿದಳು. ನಾನು ಬೆರಳೆತ್ತಿ, “ಕೇಳ್ರಿ, ಈಗರ ಕೇಳ್ತೈತಿಲ್ಲೋ?” ಎಂದೆ.

“ಯಜಮಾನ್ರ, ಎಲ್ಲಾ ಬಂದ್ ಆಗ್ಯಾವ್ರಿ. ಇನ್ನೂ ಕೇಳಾಕತ್ತೈತೇನ್ರಿ?”

“ಚಲೋತ್ನಾಗ ಕೇಳಾಕತ್ತೈತಿ.”

“ಹಂಗಾರ ಬೇರಿಂಗ್ ಹೋಗಿದ್ದು ಮಿಷಿನ್ದಲ್ರಿ, ನಿಮ್ದು,” ಎಂದಳು. “ಗ್ರೀಸ್ ಕೊಡ್ಲೇನ್ರಿ?”

ಫಿಟ್ಟರ್ ನಗು ತಡೆಯಲು ಗೋಡೆಯ ಕಡೆ ತಿರುಗಿದ. ನಾನು ನಗಲಿಲ್ಲ. ತಿರುಗದ ಯಂತ್ರದ ಶಿಳ್ಳೆ ನನ್ನ ತಲೆಯೊಳಗೆ ನಿಲ್ಲದೆ ನಡೆದಿತ್ತು.

ಹುಬ್ಬಳ್ಳಿಯ ಕಿವಿ ಡಾಕ್ಟರು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಬಹಳ ಹೊತ್ತು ಏನೂ ಕೇಳಲಿಲ್ಲ. ಸುಮ್ಮನೆ ಕೂರುವುದು ಶಿಸ್ತಲ್ಲವೆಂದು ಐದೈದು ಸೆಕೆಂಡಿಗೆ ಒಮ್ಮೆ ಒತ್ತಿದೆ. ಡಾಕ್ಟರು ಬಾಗಿಲು ತೆರೆದು, “ಅಜ್ಜಾರ, ನಾ ಇನ್ನೂ ಶಬ್ದನ ಬಿಟ್ಟಿಲ್ರಿ,” ಎಂದರು.

ಅವರು ಹೇಳಿದ್ದು ಸರಳವಾಗಿತ್ತು. ಸಣ್ಣ, ತೀಕ್ಷ್ಣ ಸದ್ದುಗಳು ನನ್ನ ಕಿವಿಯಿಂದ ಹೋಗಿವೆ, ತಿರುಗಿ ಬರುವುದಿಲ್ಲ. ಗಿರಣಿಯ ಸದ್ದು ಮೊದಲೇ ಕಿವಿ ತಿಂದಿತ್ತು. ಅದರ ಮೇಲೆ ನಾನು ಇನ್ನೊಂದನ್ನು ಬಡಿಸಿದ್ದೆ. ಹಾಡು ಕೇಳಿಸುವ ಗುಂಡಿ ಬೇರೆ, ಸದ್ದು ತಡೆಯುವ ಬಟ್ಟಲು ಬೇರೆ. ಇನ್ನಾದರೂ ಬಟ್ಟಲು ಹಾಕಿದರೆ ಉಳಿದದ್ದು ಉಳಿದೀತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಬೇರಿಂಗಿನ ಶಿಳ್ಳೆ? ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗ ಗಿರಣಿಗೆ ಹೋದೆ. ಬಾಗಿಲಲ್ಲಿ ನಿಲ್ಲಲಿಲ್ಲ, ಬಟ್ಟಲು ಹಾಕಿಕೊಳ್ಳುವವರ ಸಾಲಿನ ಕೊನೆಗೆ ನಿಂತೆ. ಸ್ಕ್ರೂಡ್ರೈವರನ್ನು ಮೂರನೇ ನಂಬರಿನ ಹೆಂಗಸಿನ ಕೈಗೆ ಕೊಟ್ಟು, “ಬಟ್ಟಲ ತಗದು ಕೇಳಬೇಕಾಗ್ತೈತಿ, ಹುಷಾರಿ,” ಎಂದೆ.

“ಯಾಕ ತಗೀಬೇಕ್ರಿ? ಬಟ್ಟಲ ಹಾಕ್ಕೊಂಡ ಮ್ಯಾಲೆ ಗದ್ದಲ ಕಡಿಮ್ಯಾಗಿ ಮಿಷಿನ್ ಹದ ತಪ್ಪಿದ್ದು ಚಲೋ ಗೊತ್ತಾಗ್ತೈತ್ರಿ. ಕೈ ಇಟ್ರ ನಡುಗೋದೂ ತಿಳೀತೈತಿ.”

ಬಟ್ಟಲು ಹಾಕದಿರಲು ನಾನು ಇಷ್ಟು ದಿನ ಹೇಳಿದ ಕಾರಣ ಎರಡು ಮಾತಿಗೆ ಮುಗಿಯಿತು. ನಾನು ಬಟ್ಟಲು ಏರಿಸಿದೆ. ಅವಳು ಕೈ ಹಿಂದೆ ಕಟ್ಟಿಕೊಂಡು, ಥೇಟು ನನ್ನಂತೆಯೇ, ನನ್ನ ಕಿವಿಯ ಸುತ್ತ ಬಗ್ಗಿ ನೋಡಿದಳು. “ಟೊಪಗಿ ತಗೀರಿ. ಅದರ ಅಂಚು ಸಿಕ್ಕು ಸಂದಿ ಬಿಟ್ಟೈತಿ.”

ಮದುವೆಯ ದಿನದಿಂದ ಮನೆಯ ಹೊರಗೆ ಟೊಪಗಿ ತೆಗೆದವನಲ್ಲ ನಾನು. ತೆಗೆದೆ.

ಅದೇ ವಾರ ಸ್ಕ್ರೂಡ್ರೈವರ್ ಹಿಡಿದು ಸುತ್ತುತ್ತಿದ್ದ ಅವಳು ಏಳನೇ ನಂಬರಿನ ಮುಂದೆ ಕೈಯೆತ್ತಿ ನಿಂತಳು. ನಾನೂ ಹೋಗಿ ಬಗ್ಗಿದೆ. ನನ್ನದೇ ಶಿಳ್ಳೆ ಬಿಟ್ಟು ಬೇರೇನೂ ಕೇಳಲಿಲ್ಲ. ಆದರೂ ಸ್ವಿಚ್ಚು ಒತ್ತಿ ಯಂತ್ರ ನಿಲ್ಲಿಸಿದೆ. ಫಿಟ್ಟರ್ ಬಿಚ್ಚಿ ಬೇರಿಂಗ್ ತೋರಿಸಿದ. ಒಣಗಿ ಕಪ್ಪಾಗಿ, ಕೈ ಇಡಲಾಗದಷ್ಟು ಕಾದಿತ್ತು.