ರೇಸಿಗೆ ಬೆನ್ನು ಹಾಕಿದ ಮೋನಪ್ಪ

ಗೋರೆಗಾಂವ್ ಸ್ಟೇಷನ್ನಿನ ಪೂರ್ವಕ್ಕಿರುವ ಶೇಖರನ ಹೋಟೆಲಿನಲ್ಲಿ ಮೋನಪ್ಪ ಇಪ್ಪತ್ತಾರು ವರ್ಷಗಳಿಂದ ದೋಸೆ ಹುಯ್ಯುತ್ತಿದ್ದಾನೆ. ಊರು ಕಾರ್ಕಳದ ಕಡೆ. ಹರೆಯದಲ್ಲಿ ಕಂಬಳದ ಗದ್ದೆಯಲ್ಲಿ ಕೋಣಗಳನ್ನು ಓಡಿಸಿ ಹೆಸರು ಮಾಡಿದವನು. ಒಂದು ವರ್ಷ ಮೊಣಕಾಲು ಕೈಕೊಟ್ಟಿತು, ಮುಂಬಯಿಗೆ ಬಂದು ಕಾವಲಿಯ ಮುಂದೆ ನಿಂತ. ಓಟದ ಹುಚ್ಚು ಮಾತ್ರ ಮೊಣಕಾಲಿನ ಜತೆ ಹೋಗಲಿಲ್ಲ.

ಇಂಥವನನ್ನು ಎಂಟು ತಿಂಗಳು ಓಟ ನೋಡದಂತೆ ಮಾಡಿದ ಮಹಾನುಭಾವ ನಾನೇ. ಹೆಸರು ಶ್ರೀಶೈಲ, ಧಾರವಾಡದವನು, ಫೋರ್ಟಿನ ಒಂದು ಬ್ಯಾಂಕಿನಲ್ಲಿ ನೌಕರಿ. ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ಹೆಂಡತಿಯ ದೂರು. ಇರಬಹುದು.

ಶೇಖರನ ಮಗಳು ನಿಖಿತಾ ಹೋಟೆಲಿನ ಟಿವಿಯಲ್ಲಿ ಫಾರ್ಮುಲಾ ಕಾರುಗಳ ರೇಸ್ ಹಚ್ಚಿದ್ದೇ ಎಲ್ಲದಕ್ಕೂ ಮೂಲ. ಭಾನುವಾರ ಸಂಜೆ ಚಹಾ ಕುಡಿಯಲು ಬರುತ್ತಿದ್ದ ನಾವು ನಾಲ್ಕೈದು ಮಂದಿ ಮಾರೆಕ್ ಎಂಬ ಹುಡುಗನ ಹಸಿರು ಕಾರಿಗೆ ಮನಸೋತೆವು. ಏಪ್ರಿಲ್ ತಿಂಗಳ ಒಂದು ಭಾನುವಾರ ಮೋನಪ್ಪ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು ಟಿವಿಯತ್ತ ನೋಡಿದ. ಅದೇ ಗಳಿಗೆಗೆ ಹಸಿರು ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯಿತು. ಮುಂದಿನ ರೇಸಿನಲ್ಲೂ ಬಂದ; ಕಾರಿನ ಎಂಜಿನ್ನಿಂದ ಹೊಗೆ ಎದ್ದಿತು. ನನ್ನ ತಲೆ ಕೆಟ್ಟಿತು.

“ಇನ್ನ ನೀ ಹೊರಗ ಬರಬ್ಯಾಡಪಾ ಮೋನಪ್ಪ. ನಿನ್ನ ಕಣ್ಣು ಬಿದ್ರ ನಮ್ಮ ಕಾರು ಉಳಿಯೂದಿಲ್ಲ!” ಎಂದುಬಿಟ್ಟೆ.

ಅವನು “ಆಯ್ತು ಸಾರ್” ಎಂದು ಒಳಗೆ ಹೋದ. ಅವನ ಕಾವಲಿ ಇರುವುದು ಅಡುಗೆಮನೆಯ ಒಳಗೋಡೆಯ ಕಡೆಗೆ. ದೋಸೆ ಹುಯ್ಯುವಾಗ ಅವನ ಬೆನ್ನು ನಮ್ಮತ್ತ, ನಮ್ಮ ಟಿವಿಯತ್ತ. ತಟ್ಟೆ ದಾಟಿಸುವ ಕಿಟಕಿಯಿಂದ ನಮಗೆ ಕಾಣುತ್ತಿದ್ದದ್ದು ಆ ಬೆನ್ನೊಂದೇ. ಅದೇ ವಾರ ಅವನು ತಂಪು ಪಾನೀಯದ ಫ್ರಿಜ್ಜನ್ನು ತಳ್ಳಿಕೊಂಡು ಹೋಗಿ ಕಾವಲಿಯ ಆಚೆ ಅದೇ ಒಳಗೋಡೆಗೆ ನಿಲ್ಲಿಸಿದ. ಅದರಿಂದ ಸೆಕೆ ಕಡಿಮೆಯಾಗುತ್ತದಂತೆ. ಭಾನುವಾರವಾದರೆ ಅದರ ಗಾಜಿನ ಬಾಗಿಲನ್ನು ಹಳೇ ಪಂಚೆಯಿಂದ ಉಜ್ಜಿ ಉಜ್ಜಿ ಫಳಫಳ ಮಾಡುತ್ತಿದ್ದ. ವಯಸ್ಸಾಯಿತು, ಅರಳುಮರಳು ಎಂದು ನಾವು ನಕ್ಕೆವು.

ಅಲ್ಲಿಂದ ಮಾರೆಕ್ ಗೆಲ್ಲತೊಡಗಿದ ನೋಡಿ! ಒಂದು, ಎರಡು, ಸಾಲಾಗಿ ನಾಲ್ಕು. ಮಳೆಯಲ್ಲಿ ಗೆದ್ದ, ಹದಿನಾರನೆಯವನಾಗಿ ಹೊರಟೂ ಗೆದ್ದ. ಶೇಖರ ಗಲ್ಲಾದಿಂದ ಆರ್ಡರ್ ಕೂಗುವ ರಾಗದಲ್ಲೇ ಒಳಗೆ ಸುದ್ದಿ ಮುಟ್ಟಿಸುತ್ತಿದ್ದ: “ಎರಡು ಮಸಾಲೆ, ಒಂದು ಸಾದಾ, ಮಾರೆಕ್ ಮೂರನೇದೂ ಗೆದ್ದ!” ಒಳಗಿನಿಂದ ಸಟ್ಟುಗ ಕಾವಲಿಗೆ ಟಣ್ ಎಂದು ಬಡಿಯುತ್ತಿತ್ತು. ಅಷ್ಟೇ ಅವನ ಸಂಭ್ರಮ. ಗೆಲುವೆಲ್ಲ ನನ್ನ ಕಟ್ಟುನಿಟ್ಟಿನಿಂದ ಬಂದದ್ದೆಂದು ನಾನು ಎದೆಯುಬ್ಬಿಸಿ ಓಡಾಡಿದೆ.

ಡಿಸೆಂಬರಿನ ಕೊನೆಯ ರೇಸಿಗೆ ಕೆಂಪು ಕಾರಿನವನು ನಾಲ್ಕು ಅಂಕ ಮುಂದಿದ್ದ. ಮಾರೆಕ್ ಗೆದ್ದರೆ ಚಾಂಪಿಯನ್ ಪಟ್ಟ ಅವನದು. ಕೆಂಪು ಕಾರು ಗೆದ್ದು ಅವನು ಎರಡನೆಯವನಾದರೆ ಎಲ್ಲ ಮುಗಿಯಿತು. ಹಿಂದಿನ ದಿನ ಮೋನಪ್ಪ ನನ್ನ ಟೇಬಲ್ಲಿಗೆ ತಾನೇ ದೋಸೆ ತಂದಿಟ್ಟ.

“ಕಡೇ ರೇಸು ಒಂದು ಹೊರಗೆ ನಿಂತು ನೋಡ್ಲಾ ಸಾರ್? ಟಿವಿಯಲ್ಲಿ, ದೊಡ್ಡದಾಗಿ?”

“ಹುಚ್ಚಗಿಚ್ಚ ಹಿಡದದೇನು?” ಎಂದೆ. ಅವನ ಮುಖ ಸಣ್ಣದಾಯಿತು. ಆ ಮುಖ ರಾತ್ರಿಯೆಲ್ಲ ನನ್ನನ್ನು ಕಾಡಿತು.

ಭಾನುವಾರ ಸಂಜೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಸು ಮುಗಿಯಲು ಮೂರೇ ಸುತ್ತು. ಹಸಿರು ಕಾರು ಮುಂದೆ, ಕೆಂಪು ಕಾರು ಅದರ ಬಾಲಕ್ಕೆ ಅಂಟಿಕೊಂಡೇ ಬರುತ್ತಿದೆ. ಯಾಕೋ ತಿರುಗಿ ಕಿಟಕಿಯತ್ತ ನೋಡಿದೆ. ಕಾವಲಿಯ ಮುಂದೆ ಮೋನಪ್ಪ ನಮಗೆ ಬೆನ್ನು ಹಾಕಿ, ಸಟ್ಟುಗದ ಸಮೇತ ಎರಡೂ ಕೈ ಜೋಡಿಸಿ, ಅಲುಗಾಡದೆ ನಿಂತಿದ್ದ. ಪಾಪದವನು ನಮ್ಮ ಕಾರಿಗಾಗಿ ಪ್ರಾರ್ಥಿಸುತ್ತಿದ್ದಾನೆ ಎನಿಸಿ ಕರುಳು ಚುರ್ ಎಂದಿತು. ಹಾಳಾಗಿ ಹೋಗಲಿ ಪಟ್ಟ, ಎಂದು ಒಳನುಗ್ಗಿ ಅವನ ರಟ್ಟೆ ಹಿಡಿದು ಹೊರಗೆ ಎಳೆತಂದೆ.

“ಅಂಕಲ್, ನಕೋ! ಉನ್‌ಕೋ ಅಂದರ್ ಕಳ್ಸಿ, ಪ್ಲೀಸ್!” ನಿಖಿತಾ ಕಿರುಚಿದಳು. ಹೋಟೆಲಿಗೆ ಹೋಟೆಲೇ ನನ್ನ ಮೇಲೆ ಹರಿಹಾಯ್ದಿತು.

ಮೋನಪ್ಪ ಯಾರನ್ನೂ ನೋಡಲಿಲ್ಲ. ಟಿವಿಯನ್ನು ಬಾಯಿ ತೆರೆದು ನೋಡುತ್ತಿದ್ದವನು ಒಮ್ಮೆಲೆ ಕೂಗಿಕೊಂಡ: “ಅಯ್ಯಯ್ಯೋ, ಎಡಕ್ಕೆ ಯಾಕೆ ಹೋಗ್ತಾನೆ? ಈ ತಿರುವು ಬಲಕ್ಕಲ್ವಾ ಇರುವುದು?”

ಮಾರೆಕ್ ಎಡಕ್ಕೇ ತಿರುಗಿದ; ರಸ್ತೆಯೂ ಎಡಕ್ಕೇ ಇತ್ತು.

ಶೇಖರ ಗಲ್ಲಾ ಬಿಟ್ಟು ಎದ್ದ. “ತಿರುವು ನಿನಗೆ ಹೇಗೆ ಗೊತ್ತು ಮಾರಾಯ?”

ಮೋನಪ್ಪ ತಲೆ ತಗ್ಗಿಸಿದ. “ಫ್ರಿಜ್ಜಿನ ಗಾಜಲ್ಲಿ ಟಿವಿ ಕಾಣ್ತದೆ ಧಣಿ. ಅಂಗೈಯಷ್ಟೇ, ಅದೂ ಉಲ್ಟಾ. ಎಲ್ಲಾ ರೇಸೂ ನೋಡಿದ್ದೇನೆ. ಒಂದೂ ಬಿಟ್ಟಿಲ್ಲ.”

ಎಲ್ಲಾ ರೇಸೂ! ಅಂದರೆ ಆ ಗೆಲುವೆಲ್ಲ ಇವನು ನೋಡುತ್ತಿದ್ದಾಗಲೇ ಬಂದದ್ದು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಭಯ. ಇವನೆಲ್ಲಾದರೂ ಈಗ ಕಣ್ಣು ತೆಗೆದರೆ?

“ಮೋನಪ್ಪ, ನೋಡೋ! ರೆಪ್ಪಿ ಬಡೀಬ್ಯಾಡ! ಅತ್ತಾಗ ಇತ್ತಾಗ ಹೊಳ್ಳಬ್ಯಾಡ!” ಎಂದು ಅವನ ಎರಡೂ ಭುಜ ಹಿಡಿದು ಟಿವಿಯ ಮುಂದೆ ನಿಲ್ಲಿಸಿದೆ. ಈಗಷ್ಟೇ ಅವನನ್ನು ಒಳಗೆ ಅಟ್ಟಬೇಕೆಂದವರೇ ದಾರಿ ಬಿಟ್ಟುಕೊಟ್ಟರು. ಕೊನೆಯ ಸುತ್ತಿನಲ್ಲಿ ಕೆಂಪು ಕಾರು ಪಕ್ಕಕ್ಕೇ ಬಂತು, ಚಕ್ರಕ್ಕೆ ಚಕ್ರ ತಾಗುವಷ್ಟು. ಕಡೆಯ ತಿರುವು ದಾಟಿ ನೇರ ರಸ್ತೆ ಸಿಕ್ಕಿದ್ದೇ ಮೋನಪ್ಪ ಕುಂಟುಗಾಲಲ್ಲೇ ಎಗರಿ, ಸಟ್ಟುಗವನ್ನು ಬಾರುಕೋಲಿನ ಹಾಗೆ ಎತ್ತಿ, ಕೋಣಗಳಿಗೆ ಹೊಡೆಯುತ್ತಿದ್ದ ಕೂಗು ಹೊಡೆದ. ಹಸಿರು ಕಾರು ಗೆರೆ ದಾಟಿತು. ಮೊದಲು ಹಸಿರು, ಆಮೇಲೆ ಕೆಂಪು!

ಯಾರು ಯಾರನ್ನು ತಬ್ಬಿಕೊಂಡರೋ ತಿಳಿಯದು. ನಾನಂತೂ ಅತ್ತೆ. ಗಲಾಟೆ ಇಳಿದ ಮೇಲೆ ಅಡುಗೆಮನೆಗೆ ಹೋದೆ. ಮೋನಪ್ಪ ಮತ್ತೆ ಕಾವಲಿಯ ಮುಂದಿದ್ದ.

“ತಪ್ಪಾತೋ ಮೋನಪ್ಪ. ಎಂಟು ತಿಂಗಳು ನಿನ್ನ ರೇಸಿಗೆ ಬೆನ್ನ ಮಾಡಿ ನಿಲ್ಲಿಸಿಬಿಟ್ಟೆ.”

“ಬೆನ್ನು ಇದ್ದದ್ದು ನಿಮಗೆ ಸಾರ್” ಎಂದ ಅವನು, “ರೇಸಿಗಲ್ಲ.”

ನಾನು ಎಳೆದೊಯ್ದಾಗ ಕಾವಲಿಯ ಮೇಲಿದ್ದದ್ದು ನನ್ನದೇ ಮಸಾಲೆ ದೋಸೆ. ಸೀದು ಕರ್ರಗಾಗಿದ್ದ ಅದನ್ನು ಕೆರೆದು ತೆಗೆದು ತಟ್ಟೆಗೆ ಹಾಕಿ ನನ್ನ ಮುಂದೆ ಹಿಡಿದ. ಅಲ್ಲೇ ನಿಂತು ಪೂರ್ತಿ ತಿಂದೆ.