ಉಧ್ನಾದ ಒಂದೇ ಲಾಗಿನ್

ಮೊದಲು ಡಯಲ್ ಟೋನ್, ಆಮೇಲೆ ಒಂದು ಕೀರಲು ದನಿ, ಅದರ ಹಿಂದೆಯೇ ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ರ್. ಮಾಡೆಮ್ಮಿನ ಆ ಸದ್ದು ನಿಂತರೆ ಇಂಟರ್‌ನೆಟ್ ಸಿಕ್ಕಿತು ಎಂದರ್ಥ. ಮಂಜಲ್‌ಪುರದ ನನ್ನ ಮನೆಯಲ್ಲಿ ಆ ವರ್ಷ ಬೇರೆ ಸದ್ದೇ ಇರಲಿಲ್ಲ. ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ನನ್ನನ್ನು ವಡೋದರಾಕ್ಕೆ ಕರೆತಂದಿದ್ದ ಯಜಮಾನರು ತೀರಿಕೊಂಡಿದ್ದರು. ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಕೆಲಸ ಮಾಡಿದ್ದು ನೆನಪಿದೆ.

ಕೆಲಸವೆಂದರೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವುದು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕೊಟ್ಟ ಆಸ್ತಿ ಅದೊಂದೇ. ನಮ್ಮ ಇನ್‌ಸ್ಟಿಟ್ಯೂಟಿನ ಹೆಡ್ ಆಫೀಸು ಅಹಮದಾಬಾದಿನ ಚಾಂದ್‌ಖೇಡಾದಲ್ಲಿತ್ತು. ವಡೋದರಾದ ಕ್ಲಾಸು ನನ್ನದು. ಸೂರತ್ತಿನ ಕ್ಲಾಸು ಉಧ್ನಾದಲ್ಲಿ, ಒಂದು ಉಡುಪಿ ಹೋಟೆಲಿನ ಮಹಡಿಯ ಕೋಣೆಯಲ್ಲಿ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವಳು ಹೋಟೆಲ್ ಮಾಲೀಕರ ತಂಗಿ, ಕುಂದಾಪುರದ ಕಡೆಯವಳು. ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಆ ಕ್ಲಾಸೊಂದೇ ಇತ್ತು.

ಅವಳು ಅಟೆಂಡೆನ್ಸ್ ತೆಗೆದುಕೊಳ್ಳುವ ರೀತಿಯೇ ಬೇರೆ. "ಪ್ರೆಸೆಂಟ್" ಎಂದರೆ ನಡೆಯದು. ಬೆಳಿಗ್ಗೆ ಏನು ತಿಂದೆ ಎಂದು ಪ್ರತಿಯೊಬ್ಬರೂ ಇಂಗ್ಲಿಷಿನಲ್ಲಿ ಫುಲ್ ಸೆಂಟೆನ್ಸ್ ಹೇಳಬೇಕು.

ಒಂದು ದಿನ ಡೈರೆಕ್ಟರ್ ಫೋನ್ ಮಾಡಿ, ಕೋರ್ಸನ್ನೆಲ್ಲ ಎಲ್‌ಎಂಎಸ್ ಎಂಬ, ಇಂಟರ್‌ನೆಟ್ಟಿನಲ್ಲಿ ಪಾಠ ನಡೆಸುವ ಸಿಸ್ಟಮಿನೊಳಗೆ ಕೂರಿಸಿ ಎಂದರು. ಯಾವ ಬ್ರಾಂಚಿನ ಹುಡುಗರು ಅದನ್ನು ಬಳಸುತ್ತಾರೋ ಆ ಬ್ರಾಂಚ್ ಇರುತ್ತದೆ, ಉಳಿದದ್ದು ಬಂದ್.

ಕೂರಿಸಿದೆ. ವಾರಕ್ಕೊಂದು ಪಾಠ, ಪಾಠಕ್ಕೊಂದು ಕ್ವಿಜ್. ಪ್ರತಿ ಪಾಠದ, ಪ್ರತಿ ಬ್ರಾಂಚಿನ ಸೆಕ್ಷನ್ನಿನ ಪಕ್ಕ ಒಂದು ಪುಟ್ಟ ಕಣ್ಣಿನ ಚಿತ್ರ. ಒತ್ತಿ ಕಣ್ಣು ಮುಚ್ಚಿದರೆ ಹುಡುಗರಿಗೆ ಪಾಠ ಕಾಣುವುದಿಲ್ಲ. ಅವಳಿಗೋಸ್ಕರ ಉಧ್ನಾದ ಸೆಕ್ಷನ್ನಿನಲ್ಲಿ, ಇವತ್ತು ಏನು ತಿಂದಿರಿ ಎಂದು ಬರೆಯಲು ಒಂದು ಫೋರಂ ಮಾಡಿದೆ. ಅವಳ ಹುಡುಗರಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ ಅವಳಿಗೆ ಕಳಿಸಿದೆ.

ತಿಂಗಳ ರಿಪೋರ್ಟ್ ಬಂತು. ಉಧ್ನಾ: ಯೂಸರ್ ಒಬ್ಬ. ಫೋರಂ ತೆಗೆದು ನೋಡಿದರೆ, ಆ ಒಬ್ಬನೇ ಒಂದು ಬೆಳಿಗ್ಗೆ ಖಾಖ್ರಾ, ಇಡ್ಲಿ, ಫಾಫ್ಡಾ, ಹಿಂದಿನ ದಿನದ ರೋಟ್ಲಿ, ಎರಡು ಸಲ ಪೋಹಾ ತಿಂದಿದ್ದ.

ಅವಳಿಗೆ ಫೋನ್ ಮಾಡಿದೆ.

"ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಟ್ಟಿದ್ದೆನಲ್ಲೇ?"

"ಇರುದೇ ಒಂದು ಕಂಪ್ಯೂಟರ್ ಅಕ್ಕ. ಒಬ್ಬ ಒಳಗೆ ಹೋಗಿ ಕೂತ್ಕಂಡ್ರೆ ಸಾಕಲ್ದಾ? ಉಳಿದವರು ಹಿಂದೆ ನಿಂತು ಹೇಳ್ತ್ರು, ಅವ ಟೈಪ್ ಮಾಡ್ತ. ಒಂದು ಮನೆಗೆ ಎಷ್ಟು ಬಾಗಿಲು ಮಾರಾಯ್ರೆ?"

"ಅಲ್ಲಿ ಬಾಗಿಲನ್ನೇ ಎಣಿಸೋದು ಕಣೇ."

ಅವಳು ನಗಲಿಲ್ಲ. "ಹಾಗಾರೆ ನನ್ ಕ್ಲಾಸು?" ಎಂದಳು.

ಡೈರೆಕ್ಟರಿಗೆ ವಿವರಿಸಿದೆ. ಫೋರಂ ತೆಗೆದು ನೋಡಿ ಸರ್, ಒಬ್ಬ ಮನುಷ್ಯ ಇಷ್ಟು ತಿನ್ನುತ್ತಾನೆಯೇ ಎಂದೆ. "ಬೆನ್, ಸಿಸ್ಟಮ್ ಮೇಂ ಏಕ್ ಹೈ, ತೋ ಏಕ್ ಹೈ," ಎಂದರು; ಅಕ್ಕಾ, ಸಿಸ್ಟಮಿನಲ್ಲಿ ಒಬ್ಬನೆಂದರೆ ಒಬ್ಬನೇ ಎಂದು. ಉಧ್ನಾದ ಸೆಕ್ಷನ್ ಮುಚ್ಚಿಬಿಡಿ ಎಂದರು. ಆ ಸೆಕ್ಷನ್ನಿನ ಪಕ್ಕದ ಕಣ್ಣಿನ ಮೇಲೆ ಒತ್ತಿದೆ. ಅದು ಮುಚ್ಚಿತು. ಎದ್ದು ಅನ್ನಕ್ಕೆ ಇಟ್ಟೆ.

ಇನ್‌ಸ್ಟಿಟ್ಯೂಟ್ ಉಧ್ನಾಕ್ಕೆ ಕೊಟ್ಟಿದ್ದ ಆ ಕಂಪ್ಯೂಟರನ್ನು ವಾಪಸ್ ತರಲು ನಾನೇ ಹೋಗಬೇಕಾಯಿತು. ಮಾನಿಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅವಳೇ ಉಧ್ನಾ ಸ್ಟೇಷನ್ನಿಗೆ ತಂದು, ನನ್ನ ಸೀಟಿನ ಕೆಳಗೆ ತಳ್ಳಿದಳು. ಸೋಮವಾರದಿಂದ ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತೇನೆ ಎಂದಳು. ಇಳಿದು ಕಿಟಕಿಯ ಹತ್ತಿರ ಬಂದು ನಿಂತಳು.

"ಅಕ್ಕ, ಇವತ್ತು ಅಟೆಂಡೆನ್ಸ್ ಆಯ್ಲಿಲ್ಲ," ಎಂದಳು.

"ವಾಟ್ ಡಿಡ್ ಯು ಈಟ್ ದಿಸ್ ಮಾರ್ನಿಂಗ್?" ಎಂದು ಕೇಳಿದೆ.

"ಐ ಏಟ್ ಮೈ ಬ್ರದರ್ಸ್ ಉಪ್ಪಿಟ್ಟು."

ಫುಲ್ ಸೆಂಟೆನ್ಸ್. ಗಾಡಿ ಹೊರಡುವ ಮೊದಲೇ ಅವಳು ತಿರುಗಿ ಮೆಟ್ಟಿಲ ಕಡೆ ನಡೆದಳು. ಬೆಡ್‌ಶೀಟ್ ವಾಪಸ್ ಕೊಡಲು ಆಗಲೇ ಇಲ್ಲ.