ಅಳುವುದನ್ನೇ ಬಿಟ್ಟ ಕೂಸು

ನನ್ನ ಮೊಮ್ಮಗಳು ಅಳುತ್ತಿರಲಿಲ್ಲ. ಅದೇ ನನಗೆ ಸರಿಬರಲಿಲ್ಲ.

ಚಳ್ಳಕೆರೆಯ ನಮ್ಮ ಮನೆಯಲ್ಲಿ ಬಾಣಂತನ ನಡೆಯುವಾಗ ದಿನಾ ದೀಪ ಹಚ್ಚುವ ಹೊತ್ತಿಗೆ ಕಾಲು ಮಡಚಿ, ಮುಖ ಕೆಂಪಗೆ ಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಕೂಸು ಅದು. ಹೊಟ್ಟೆಯಲ್ಲಿ ಗಾಳಿ. ಭುಜದ ಮೇಲೆ ಹಾಕಿಕೊಂಡು ಬೆನ್ನು ಸವರಿ ತೇಗು ಬರಿಸಿದರೆ ನಿಧಾನಕ್ಕೆ ತಣ್ಣಗಾಗುತ್ತಿತ್ತು. ಅಂಥದ್ದು ಮೊಳಕಾಲ್ಮೂರಿನ ಅಪ್ಪನ ಮನೆಗೆ ಹೋಗಿ ತಿಂಗಳು ತುಂಬುವುದರೊಳಗೆ ಸಾಧುವಾಯಿತೆಂದರೆ ಯಾರು ನಂಬುತ್ತಾರೆ? ಫೋನ್ ಮಾಡಿದಾಗಲೆಲ್ಲ ಮಗಳದ್ದು ಒಂದೇ ಮಾತು, "ಮಲಗೈತೆ ಅವ್ವ." ಯಾವ ಹೊತ್ತಿಗೆ ಕೇಳಿದರೂ ಮಲಗೇ ಇರುತ್ತದಾ? ಇದರಲ್ಲಿ ಏನೋ ಐತೆ ಅಂತ ಮನಸ್ಸು ಹೇಳುತ್ತಲೇ ಇತ್ತು. ಬಸ್ಸು ಹತ್ತಿದೆ.

ಅಳಿಯನದು ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯಲ್ಲೇ ಗುಂಡಿ ಮಗ್ಗ, ಅದರ ಪಕ್ಕದಲ್ಲೇ ಹಳೇ ಸೀರೆಯ ಜೋಲಿ, ಜೋಲಿಯಲ್ಲಿ ಕೂಸು. ಅಳಿಯ, ಅವನ ತಾಯಿ, ನನ್ನ ಮಗಳು ಮೂವರೂ ಸರದಿಯ ಮೇಲೆ ಮಗ್ಗಕ್ಕೆ ಕೂರುವವರು. ಆ ಮನೆಯಲ್ಲೊಂದು ರೂಢಿ ಇದೆ. ಸೆರಗು ನೇಯುತ್ತಿರುವವರನ್ನು ಯಾರೂ ಮಾತನಾಡಿಸುವಂತಿಲ್ಲ. ಚಿತ್ತಾರದ ಲೆಕ್ಕ ತಪ್ಪಿದರೆ ನೇಯ್ದದ್ದನ್ನು ಬಿಚ್ಚಬೇಕಾಗುತ್ತದೆ. ರೂಢಿಯೇನೋ ಒಳ್ಳೆಯದೇ, ಆದರೆ ಆವತ್ತು ಆ ಮನೆಯವರ ಮೌನವೆಲ್ಲ ನನಗೆ ಕಳ್ಳಾಟದ ಹಾಗೇ ಕಂಡಿತು.

ಮೊದಲು ಅನುಮಾನ ಹೋದದ್ದು ಬೀಗಿತಿಯ ಮೇಲೆ. ಸೊಸೆ ಮಗ್ಗಕ್ಕೆ ಕೂರಲಿ ಅಂತ ಜಾಜಿಕಾಯಿ ತೇಯ್ದು ನೆಕ್ಕಿಸಿ ಮಲಗಿಸುತ್ತಿದ್ದಾಳೆ, ಇನ್ನೇನು! ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ತೇಯುವ ಕಲ್ಲನ್ನು ಮೂಸಿ ನೋಡಿದೆ. ಒಣಗಿತ್ತು, ವಾಸನೆಯೇ ಇಲ್ಲ. ನಾಚಿಕೆಯೇನೂ ಆಗಲಿಲ್ಲ, ಸಿಟ್ಟು ಇನ್ನೂ ಹೆಚ್ಚಾಯಿತು. ಬಂದು ಜೋಲಿಯ ಪಕ್ಕ ಗೂಟ ಹೊಡೆದ ಹಾಗೆ ಕೂತೆ.

ಕೂಸು ಮುಲುಗಿತು. ಅಳಿಯ ಗೋಡೆಯ ಗೂಡಿನಲ್ಲಿದ್ದ ಸಣ್ಣ ಬಾಟಲಿ ತೆಗೆದು ಅದರ ಬಾಯಿಗೆ ಹನಿ ಬಿಟ್ಟು ಮಗ್ಗಕ್ಕೆ ಇಳಿದ. ಹೊಟ್ಟೆನೋವಿನ ಔಷಧಿಯಂತೆ. ಇರಲಿ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿತ್ತಲಿಂದ ಬಂದ ಬೀಗಿತಿ, ಕೂಸು ಮಿಸುಕಿದ್ದು ಕಂಡು, ನಾನು ಬಾಯಿ ತೆರೆಯುವುದರೊಳಗೆ ಅದೇ ಬಾಟಲಿಯಿಂದ ಮತ್ತೆ ಹನಿ ಬಿಟ್ಟೇಬಿಟ್ಟಳು.

"ಅಲ್ರೀ ಅಕ್ಕ, ಈಗ ತಾನೇ ನಿಮ್ ಮಗ ಹಾಕಿದ್ನಲ್ರೀ!"

"ಅಯ್ಯೋ, ಅವ್ನು ಸೆರಗು ಹಿಡಿದವ್ನೆ. ಹಾಕಿದ್ಯೇನೋ ಅಂತ ಕೇಳಕ್ಕಾಗ್ತೈತಾ? ಮಲಗ್ಲಿ ಬಿಡ್ರಿ ಪಾಪ."

"ಡಾಕ್ಟ್ರು ಈ ಕೂಸಿಗೇ ಬರ್ಕೊಟ್ಟಿದ್ದಾ ಇದು?"

"ನಮ್ ದೊಡ್ಮಗಳ ಹುಡುಗಂಗೆ ಕೊಟ್ಟಿದ್ದು. ಅವನಿಗೆ ನೋವು ಟಕ್ಕಂತ ನಿಂತೋಗಿತ್ತು."

ಆ ಹುಡುಗ ಸ್ಕೂಲಿಗೆ ಹೋಗುವವನು! ಇದಕ್ಕೆ ಐದನೇ ತಿಂಗಳು ಈಗಷ್ಟೇ ಹಿಡಿದಿತ್ತು. ಮೈಯೆಲ್ಲ ಉರಿದುಹೋಯಿತು ನನಗೆ. ಕೂಸಿನ ಅಂಗಾಲು ಚಿವುಟಿದೆ. ಅಳಲಿಲ್ಲ. ಕಣ್ಣು ಅರ್ಧ ತೆರೆದು ಮುಚ್ಚಿಕೊಂಡಿತು, ಉಸಿರು ತಡೆತಡೆದು ಬರುತ್ತಿತ್ತು.

"ಸುಡುಗಾಡು ಸೆರಗು! ಏಳಪ್ಪಾ ಮೇಲಕ್ಕೆ, ಆಟೋ ಕರ್ಕಂಬಾ!" ಎಂದು ಅಳಿಯನ ಮೇಲೆ ಕೂಗಿದೆ. ಕೂಸಿನ ಜೊತೆ ಆ ಬಾಟಲಿಯನ್ನೂ ಎತ್ತಿಕೊಂಡೆ. ಮಗಳು, ಬೀಗಿತಿ ಇಬ್ಬರೂ ಹಿಂದೆಯೇ ಆಟೋ ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೂಸಿನ ಮೂಗಿಗೆ ಆಕ್ಸಿಜನ್ ಹಾಕಿಸಿದರು. ಆಮೇಲೆ ಬಾಟಲಿ ತಿರುಗಿಸಿ ನೋಡಿ ನಮ್ಮ ಕಡೆ ಕಣ್ಣು ಬಿಟ್ಟರು.

"ಗ್ಯಾಸಿಗೆ ಕೊಡೋ ಹನಿ ಬೇರೆ, ಇದು ಹೊಟ್ಟೆ ಹಿಡಿತಕ್ಕೆ ಕೊಡೋದು. ಆರು ತಿಂಗಳೊಳಗಿನ ಕೂಸಿಗೆ ಇದನ್ನ ಹಾಕೋ ಹಂಗೇ ಇಲ್ಲ, ಉಸಿರೇ ನಿಂತೋಗ್ಬಹುದು. ದಿನಕ್ಕೆ ಎಷ್ಟು ಸಲ ಹಾಕ್ತಿದ್ರಿ?"

"ನಾನು ಒಂದ್ಸಲ ಮೇಡಂ," ಅಂದ ಅಳಿಯ. "ನಾನೂ ಒಂದೇ ಸಲ," ಅಂದಳು ಬೀಗಿತಿ. ನಾನು ಇಬ್ಬರನ್ನೂ ನಂಬಲಿಲ್ಲ, ದುರುಗುಟ್ಟಿ ನೋಡಿದೆ. ಎರಡೇ ಸಲಕ್ಕೆ ದಿನವಿಡೀ ಮಲಗುತ್ತದಾ? ಯಾರೋ ಸುಳ್ಳು ಹೇಳುತ್ತಿದ್ದಾರೆ.

ಆಗ ಗೋಡೆಗೆ ಒರಗಿ ನಿಂತಿದ್ದ ನನ್ನ ಮಗಳು ಬಾಯಿ ಬಿಟ್ಟಳು. "ನಾನೂ ಹಾಕ್ತಿದ್ದೆ ಅವ್ವ. ಯಾರೂ ಇಲ್ದಾಗ, ಅದು ಬಾಯಿ ತೆಗೆದ್ರೆ ಸಾಕು ಹಾಕ್ತಿದ್ದೆ. ಕೂಸು ಅತ್ರೆ, ಚಳ್ಳಕೆರೆಯೋರು ನೆಟ್ಟಗೆ ಬಾಣಂತನ ಮಾಡಿಲ್ಲ ಅಂತ ನಿನ್ನ ಅಂತಾರಲ್ಲ ಅಂತ..."

ಕಲ್ಲನ್ನೂ ಬಿಡದೆ ಅನುಮಾನಪಟ್ಟವಳು ನಾನು, ಇವಳ ಮೇಲೆ ಮಾತ್ರ ಪಟ್ಟಿರಲಿಲ್ಲ. ಬೀಗಿತಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಸಂಜೆ ಕೂಸು ಪೂರ್ತಿ ಕಣ್ಣು ಬಿಟ್ಟು, ಕಾಲು ಮಡಚಿ, ಗಂಟಲು ಹರಿಯುವ ಹಾಗೆ ಕಿರುಚಿತು. ವಾರ್ಡಿನವರೆಲ್ಲ ತಿರುಗಿ ನೋಡಿದರು. ಮಗಳು ಗಾಬರಿಯಾಗಿ, ಅತ್ತೆಯ ಮುಖ ನೋಡುತ್ತಲೇ, ಅದರ ಬಾಯಿ ಮುಚ್ಚಿಸಲು ಓಡಿಬಂದಳು.

"ಸುಮ್ನಿರೇ," ಅಂದೆ, "ಅಳ್ಲಿ. ಯಾರು ಏನಂತಾರೋ ಅನ್ಲಿ, ನಾನು ಅನ್ನಿಸ್ಕಂತೀನಿ."